ಕರಿಹಲಗೆಯ ಕೆಳಗಿನ ಅರ್ಧ

ಸಯನ್, ಮುಂಬೈ
2025 ಜುಲೈ 20, ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಫೋನ್ ಇನ್ನು ಅರ್ಧ ಗಂಟೆ ತಡವಾಗಿದ್ದರೆ ಡೈರಿಗಳೆಲ್ಲ ರದ್ದಿಯವನ ತಕ್ಕಡಿ ಏರುತ್ತಿದ್ದವು. ಅಮ್ಮ ಹಳೇ ಪೇಪರ್ ಜೊತೆ ಸುತಲಿ ಹಾಕಿ ಕಟ್ಟಿ ಬಾಗಿಲಿಗೆ ತಂದಿಟ್ಟಾಗಿತ್ತು. ಅವಳನ್ನು ದೂರುವಂತಿಲ್ಲ. ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ, ಮುಂದಿನ ತಿಂಗಳು ಖಾಲಿ ಮಾಡಬೇಕು. ಬಾಡಿಗೆಗೆ ಸಿಕ್ಕಿರುವ ಮನೆ ಇದಕ್ಕಿಂತ ಚಿಕ್ಕದು. ಇಪ್ಪತ್ತೈದು ವರ್ಷದ ಇಪ್ಪತ್ತೈದು ಡೈರಿ ಇಡಲು ಅಲ್ಲಿ ಜಾಗ ಎಲ್ಲಿ? "ಏನಿದೆ ಅಂತ ಇಟ್ಟುಕೊಳ್ಳೋದು? ಅರ್ಧ ಟ್ರಾಮು, ಅರ್ಧ ತೆಂಗಿನಕಾಯಿ ಲೆಕ್ಕ" ಅಂದಳು. ಸರಿಯಾಗೇ ಹೇಳಿದಳು.

ಪುಣೆಯ ನಿನ್ನ ಮನೆಯ ಮಾಳಿಗೆ ಖಾಲಿ ಇದೆ ಅಂದಿದ್ದೀಯಲ್ಲ, ಎಲ್ಲ ನಿನಗೇ ಕಳಿಸುತ್ತೇನೆ. ಕಳಿಸುವ ಮೊದಲು ಸುಮ್ನೆ ಒಮ್ಮೆ ತಿರುವಿ ಹಾಕೋಣ ಅಂತ ಕೂತೆ. ಮೂರು ದಿನ ಆಯಿತು, ಇನ್ನೂ ಎದ್ದಿಲ್ಲ.

ಈ ಹುಚ್ಚು ಹೇಗೆ ಹಿಡಿಯಿತು ಅಂತ ನಿನಗೆ ಹೇಳಿದ್ದೇನೋ ಇಲ್ಲವೋ. 1992ರ ಮಾರ್ಚ್. ಮಾಟುಂಗಾದ ನಮ್ಮ ಹೋಟೆಲಿನ ಬಾಗಿಲಲ್ಲಿದ್ದ ಕರಿಹಲಗೆಯಲ್ಲಿ 'ಇಂದಿನ ವಿಶೇಷ' ಬರೆಯುವುದು ಗಲ್ಲಾದಲ್ಲಿ ಕೂರುವ ನನ್ನ ಕೆಲಸ. ಆ ವಾರ ನಮ್ಮ ಭಟ್ಟರು ಊರಿಗೆ ಹೋಗಿದ್ದರು. ಬದಲಿಗೆ ಬಂದವರಿಗೆ ಗೊತ್ತಿದ್ದ ವಿಶೇಷ ಒಂದೇ, ಬನ್ಸ್. ನಾಲ್ಕು ದಿನ ಬನ್ಸ್ ಅಂತಲೇ ಬರೆದೆ. ಐದನೇ ದಿನ ಒಬ್ಬ ಗಿರಾಕಿ "ಸೇಠ್, ತಾರೀಕಾದರೂ ಬದಲಾಯಿಸಿ" ಅಂತ ನಕ್ಕ. ನಾಚಿಕೆಯಾಯಿತು. ಹಲಗೆಯ ಕೆಳಗಿನ ಅರ್ಧ ಯಾವಾಗಲೂ ಖಾಲಿ ಇರುತ್ತಿತ್ತು. ಮರುದಿನ ಅಲ್ಲಿ ಬರೆದೆ: "ಮಾರ್ಚ್ 31. 1964ರಲ್ಲಿ ಇದೇ ದಿನ ಮುಂಬೈಯ ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಬಂತು." 1964 ನಾನು ಹುಟ್ಟಿದ ವರ್ಷ, ಹಾಗಾಗಿ ಅದು ತಲೆಯಲ್ಲಿತ್ತು.

ಮಧ್ಯಾಹ್ನದೊಳಗೆ ಒಬ್ಬರು ಗಲ್ಲಾದ ಮುಂದೆ ನಿಂತು, ಆ ಟ್ರಾಮಿನಲ್ಲಿ ತಾನೂ ಇದ್ದೆ ಅಂತ ಕಥೆ ಶುರು ಮಾಡಿದರು. ಇನ್ನೊಬ್ಬರಿಗೆ ದಾದರ್ ಟಿ.ಟಿ. ಅಂದರೆ ಟ್ರಾಮ್ ಟರ್ಮಿನಸ್ ಅನ್ನೋದೇ ಅವತ್ತು ಹೊಳೆಯಿತು, ಹುಟ್ಟಿದ್ದು ಬೆಳೆದದ್ದು ಅಲ್ಲೇ ಆದರೂ. ಬನ್ಸೂ ಖಾಲಿಯಾಯಿತು. ದೊಡ್ಡಪ್ಪ ಲೆಕ್ಕ ನೋಡಿ, "ನಾಳೆಯೂ ಏನಾದರೂ ಬರಿ" ಅಂದರು.

ದಿನಾ ಬರೆಯಬೇಕು ಅಂದರೆ ಸರಕು ಬೇಕಲ್ಲ. ಮಸಾಲೆ ಕಂಪನಿಯವರು ಪುಕ್ಕಟೆ ಕೊಡುತ್ತಿದ್ದ ಡೈರಿಯಲ್ಲಿ ಪ್ರತಿ ಪುಟಕ್ಕೆ ನಡುವೆ ಗೆರೆ ಎಳೆದೆ. ಮೇಲೆ ಹಲಗೆಗೆ ಹೋಗುವ ಸಂಗತಿ, ಕೆಳಗೆ ನಮ್ಮ ಸಂಗತಿ. 1996ರ ಜುಲೈ 7 ನೋಡು. ಮೇಲೆ, "1896ರಲ್ಲಿ ಇದೇ ದಿನ ವಾಟ್ಸನ್ ಹೋಟೆಲಿನಲ್ಲಿ ಲುಮಿಯೇರ್ ಸಹೋದರರ ಸಿನಿಮಾ ತೋರಿಸಿದರು. ದೇಶದಲ್ಲೇ ಮೊದಲು. ಟಿಕೆಟ್ 1 ರೂಪಾಯಿ. ಇವತ್ತಿಗೆ ನೂರು ವರ್ಷ." ಕೆಳಗೆ, "ಮಗು ಮಗುಚಿತು. ಗ್ರೈಂಡರ್ ಬೆಲ್ಟ್ ತುಂಡು." ನೀನು ಮೊದಲ ಸಲ ಮಗುಚಿದ್ದಕ್ಕೂ ಗ್ರೈಂಡರ್ ಬೆಲ್ಟಿಗೂ ಒಂದೇ ಸಾಲು ಕೊಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ಅವತ್ತು ಭಾನುವಾರ, ದೋಸೆ ಹಿಟ್ಟಿಲ್ಲದೆ ನಾನು ಪಟ್ಟ ಪಾಡು ನನಗೇ ಗೊತ್ತು.

ಪಾರ್ಸಿ ಕಾಲೊನಿಯ ಅಜ್ಜನನ್ನು ನೀನು ಮರೆತಿರಲಾರೆ. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಬೆಳಿಗ್ಗೆ ಫೈವ್ ಗಾರ್ಡನ್ಸ್‌ನಲ್ಲಿ ವಾಕಿಂಗ್ ಮುಗಿಸಿ ನಮ್ಮಲ್ಲಿ ಕಾಫಿ. ಅವರು ಹಲಗೆ ಓದುತ್ತಾರೆ ಅಂತ ನನಗೆ ಗೊತ್ತಾದದ್ದೇ ನಾನು ತಪ್ಪು ಬರೆದ ದಿನ. ಏಪ್ರಿಲ್ 16, ಮೊದಲ ರೈಲು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ, 14 ಡಬ್ಬಿ, ಸುಮಾರು 400 ಜನ, 21 ತೋಪು. ಇಷ್ಟೂ ಸರಿ ಇತ್ತು. ಹೊರಟದ್ದು ಮಧ್ಯಾಹ್ನ 3 ಗಂಟೆಗೆ ಅಂತ ಬರೆದಿದ್ದೆ. ಅಜ್ಜ ಒಳಗೆ ಬಂದು, ಕೂರದೆ, "3:35" ಅಂದರು. ಅಳಿಸಿ ತಿದ್ದಿದೆ. ಆಮೇಲೆ ಕಾಫಿ ಕುಡಿದು ಹೋಗುವಾಗ ಕೇಳಿದರು: "ಯಾವ ಗಡಿಯಾರದ 3:35?"

ಅವತ್ತು ಗಲ್ಲಾದ ಮುಂದೆ ಸಾಲು ನಿಂತರೂ ನಾನು ಅವರನ್ನು ಬಿಡಲಿಲ್ಲ. ಆ ಕಾಲಕ್ಕೆ ಊರಿಗೊಂದು ಸಮಯ. 1906ರ ಜನವರಿ 1ಕ್ಕೆ ದೇಶಕ್ಕೆಲ್ಲ ಒಂದೇ ಸಮಯ ಬಂತು, ಆದರೆ ಮುಂಬೈ ತನ್ನದೇ 'ಬಾಂಬೆ ಟೈಮ್' ಬಿಡಲಿಲ್ಲ. 1955ರವರೆಗೆ ಅದು ಇಲ್ಲಿ ನಡೆಯಿತು, 39 ನಿಮಿಷ ಹಿಂದೆ. ಭಾರತದ ಸಮಯ ಲೆಕ್ಕ ಹಾಕುವುದು 82.5 ಡಿಗ್ರಿ ರೇಖಾಂಶದ ಮೇಲೆ, ಮುಂಬೈ ಇರುವುದು 72.8ರ ಆಸುಪಾಸು. ಒಂದು ಡಿಗ್ರಿಗೆ ಸೂರ್ಯ 4 ನಿಮಿಷ ತಡ. ಗುಣಿಸಿ ನೋಡು. ಅಜ್ಜನ ಬಾಲ್ಯದ ಮನೆಯಲ್ಲಿ ಎರಡು ಗಡಿಯಾರವಂತೆ. ಒಂದು ರೈಲು ಹಿಡಿಯಲು, ಇನ್ನೊಂದು ಊಟಕ್ಕೆ.

ಅವರು ಕಲಿಸಿದ ಚಾಳಿ ಇವತ್ತಿನ ತಾರೀಕಿನಲ್ಲೂ ಇದೆ. ಜುಲೈ 20ರ ಪುಟದಲ್ಲಿ "1969, ಚಂದ್ರನ ಮೇಲೆ ಮನುಷ್ಯ ಇಳಿದ" ಅಂತ ಬರೆದು, ಹೊಡೆದುಹಾಕಿ, ಬಾಣ ಎಳೆದು 21ಕ್ಕೆ ದಾಟಿಸಿದ್ದೇನೆ. ಪ್ರಪಂಚಕ್ಕೆಲ್ಲ 20 ಇರಬಹುದು. ಆ ನೌಕೆ ಅಲ್ಲಿ ಕೂತಾಗ ಮಾಟುಂಗಾದಲ್ಲಿ 21ನೇ ತಾರೀಕು, ನಡುರಾತ್ರಿ ಕಳೆದು 1 ಗಂಟೆ 47 ನಿಮಿಷ. ನಮ್ಮ ಹಲಗೆ ಮಾಟುಂಗಾದ್ದು.

ಗಲ್ಲಾದಲ್ಲಿ ಕೂತವನಿಗೆ ಏಪ್ರಿಲ್ 1ರಷ್ಟು ಇಷ್ಟದ ಪುಟ ಇನ್ನೊಂದಿಲ್ಲ. 1957ರಲ್ಲಿ ಅವತ್ತು ನಯಾ ಪೈಸೆ ಬಂತು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ. ಒಂದಾಣೆಗೆ ಆರೂಕಾಲು ಪೈಸೆ ಆಗಬೇಕು, ಆದರೆ ಕಾಲು ಪೈಸೆ ಎಲ್ಲಿಂದ ತರೋದು? ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಸರಕಾರವೇ ಪಟ್ಟಿ ಕೊಟ್ಟಿತು. ದೊಡ್ಡಪ್ಪ ಆಗ ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು ತೊಳೆಯುವ ಹುಡುಗ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಶಾಲೆಯಲ್ಲಿ ಕಲಿಯದ ಗಣಿತ ಆ ಒಂದು ವಾರದಲ್ಲಿ ಕಲಿತೆ ಅನ್ನುತ್ತಿದ್ದರು. ನಾಲ್ಕು ಜನ ಒಂದೊಂದಾಣೆಯ ಚಹಾ ಕುಡಿದು ಬೇರೆ ಬೇರೆ ಕೊಟ್ಟರೆ 24 ಪೈಸೆ. ಒಬ್ಬನೇ ಎಲ್ಲರದ್ದು ಕೊಟ್ಟರೆ 25. ಗಿರಾಕಿಗಳಿಗೆ ಇದು ತಿಳಿಯಲು ಎರಡು ದಿನವೂ ಬೇಕಾಗಲಿಲ್ಲವಂತೆ. ಆಮೇಲೆ ಯಾರೂ ಯಾರಿಗೂ ಚಹಾ ಕುಡಿಸಲಿಲ್ಲ!

ಆ ನಾಲ್ಕಾಣೆಯೂ 2011ರ ಜೂನ್ 30ಕ್ಕೆ ಹೋಯಿತು. ಅವತ್ತಿನ ಪುಟದ ಕೆಳಗೆ ಬರೀ ಇಷ್ಟೇ ಇದೆ: "ಡಬ್ಬಿಯಲ್ಲಿ ಇನ್ನೂ 212 ಉಳಿದಿವೆ. ಯಾರಿಗೂ ಕೊಡೋದಿಲ್ಲ." ಡಬ್ಬಿ ಅಟ್ಟದಲ್ಲಿತ್ತು, ಈಗ ಸಿಕ್ಕಿದೆ. ಅದನ್ನೂ ಕಳಿಸಲಾ? ಅಮ್ಮನಿಗೆ ಹೇಳಬೇಡ, ಭಾರ ಇದೆ.

ನವೆಂಬರ್ 1ಕ್ಕೆ ವರ್ಷವರ್ಷವೂ ಒಂದೇ ಬರೆದಿದ್ದೇನೆ, ಸೋಮಾರಿತನ. ಒಂದು ವರ್ಷ ಮಾತ್ರ ಧಾರವಾಡದ ಮಾಸ್ತರರೊಬ್ಬರ ಮಾತು ಕೆಳಗಿದೆ. 1956ಕ್ಕೆ ಮೊದಲು ಧಾರವಾಡ ಮುಂಬೈ ರಾಜ್ಯದಲ್ಲಿತ್ತು, ಉಡುಪಿ ಮದ್ರಾಸಿನಲ್ಲಿ. "ನಾನು ನನ್ನ ರಾಜಧಾನಿಗೆ ಬಂದಿದ್ದೆ, ನಿಮ್ಮ ದೊಡ್ಡಪ್ಪನೇ ಹೊರಗಿನವರು" ಅಂತ ಅವರು ದೊಡ್ಡಪ್ಪನನ್ನು ಕಿಚಾಯಿಸುತ್ತಿದ್ದರು. ದೊಡ್ಡಪ್ಪ ಅದಕ್ಕೆ ಅವರ ಬಿಲ್ಲಿನಲ್ಲಿ ಒಂದು ವಡೆ ಜಾಸ್ತಿ ಹಾಕುತ್ತಿದ್ದರು.

ಇನ್ನು ನಿನ್ನ ಹುಟ್ಟುಹಬ್ಬದ ಜಗಳ. ನೀನು ತಾರೀಕು ಹಿಡಿದು ಕೂರುತ್ತಿದ್ದೆ, ಅಮ್ಮ ಪಂಚಾಂಗ ಹಿಡಿದು. ಎರಡೂ ದಿನ ಪಾಯಸ ಆಗುತ್ತಿತ್ತು, ಆದರೆ ನಿನ್ನ ಲೆಕ್ಕದಲ್ಲಿ ಅಮ್ಮನ ದಿನದ್ದು ಸುಳ್ಳು ಹುಟ್ಟುಹಬ್ಬ. ಚಂದ್ರನ ಹನ್ನೆರಡು ತಿಂಗಳು ಕೂಡಿಸಿದರೆ 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ಅದಕ್ಕೇ ತಿಥಿ ವರ್ಷಾ ಹಿಂದೆ ಹಿಂದೆ ಜಾರುತ್ತದೆ, ನಡುವೆ ಅಧಿಕ ಮಾಸ ಬಂದು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಹೀಗೆ ಜಾರಿ ತಳ್ಳಿ 19 ವರ್ಷಕ್ಕೊಮ್ಮೆ ಎರಡೂ ಒಂದೇ ಕಡೆ ಬಂದು ಸೇರುತ್ತವೆ, ಹೆಚ್ಚೆಂದರೆ ಒಂದು ದಿನ ಆಚೀಚೆ. 19 ವರ್ಷಕ್ಕೆ ಚಂದ್ರನ ತಿಂಗಳು ಸರಿಯಾಗಿ 235. ಇದು ನನಗೂ ಆಗ ಗೊತ್ತಿರಲಿಲ್ಲ. 2015ರ ಫೆಬ್ರವರಿಯ ಪುಟದ ಕೆಳಗೆ, "ಈ ಸಲ ಅಮ್ಮನದ್ದೂ ಮಗಳದ್ದೂ ಒಂದೇ ದಿನ. ಪಾಯಸ ಒಂದೇ ಸಲ. ಹಾಲು ಉಳಿತಾಯ 2 ಲೀಟರ್" ಅಂತಿದೆ. ಲೆಕ್ಕ ಹಾಕಿ ನೋಡಿದರೆ ನಿನಗೆ ಅವತ್ತು ಹತ್ತೊಂಬತ್ತು. ಇನ್ನೊಂದು ಸಲ ಹೀಗಾಗುವುದು 2034ಕ್ಕೆ. ಅಲ್ಲಿಯವರೆಗೆ ಎರಡೆರಡು ಪಾಯಸ ತಿನ್ನು, ವಾದ ಬೇಡ.

ಈಗ ಒಂದು ಡೈರಿಯ ವಿಷಯ. 2005ರದ್ದನ್ನು ತೆರೆದಾಗ ನಿನಗೇ ಗೊತ್ತಾಗುತ್ತದೆ, ನೀರು ಕುಡಿದು ಪೂರಿಯ ಹಾಗೆ ಉಬ್ಬಿದೆ. ಜುಲೈ 26ರ ಹೊತ್ತಿಗೆ ಅದು ಗಲ್ಲಾದ ಕೆಳಗಿನ ಡ್ರಾಯರಿನಲ್ಲಿತ್ತು. ಕಿಂಗ್ಸ್ ಸರ್ಕಲ್ ಮಾಮೂಲಿ ಮಳೆಗೇ ಮುಳುಗುವ ಜಾಗ, ಅವತ್ತು ನೀರು ಗಲ್ಲಾದ ಮೇಜು ಮುಟ್ಟಿತ್ತು. ಆ ವಾರದ ಪುಟಗಳಲ್ಲಿ ಶಾಯಿ ಹರಡಿ ನೀಲಿ ಮೋಡ ಅಷ್ಟೇ ಇದೆ.

ನಾನು ಅವತ್ತು ತೆಂಗಿನಕಾಯಿ ಮತ್ತು ಈರುಳ್ಳಿಗೆ ಅಂತ ವಾಶಿ ಮಾರ್ಕೆಟ್ಟಿಗೆ ಹೋಗಿದ್ದೆ. ರೈಲು ನಿಂತಿತು, ಫೋನ್ ಸತ್ತಿತು. ರಾತ್ರಿಯೆಲ್ಲ ನಡೆದು, ನಿಂತು, ಮತ್ತೆ ನಡೆದು, ಮರುದಿನ ಮಧ್ಯಾಹ್ನ ಮನೆ ಸೇರಿದೆ. ಅಷ್ಟರಲ್ಲಿ ನೀನು ಶಾಲೆಯಿಂದ ಬಂದು ಮಲಗಿದ್ದೆ. ಒಂಬತ್ತು ವರ್ಷದ ಹುಡುಗಿ, ಇಡೀ ರಾತ್ರಿ ಶಾಲೆಯ ಎರಡನೇ ಮಹಡಿಯಲ್ಲಿ. ಎದ್ದಾಗ ಕೇಳಿದೆ, "ಹೆದರಿದೆಯಾ?" ನೀನು "ಟೀಚರ್ ಬಿಸ್ಕತ್ ಕೊಟ್ಟರು" ಅಂದೆ. ನಾನೂ ಅಷ್ಟಕ್ಕೇ ಬಿಟ್ಟೆ. ಹೋಟೆಲಿನ ಕೆಸರು ಬಳಿಯಬೇಕಿತ್ತು, ಅಕ್ಕಿ ಮೂಟೆ ನಾರುತ್ತಿತ್ತು.

ಮರುವರ್ಷ ಜುಲೈ 26ಕ್ಕೆ ಹಲಗೆಗೆ ಬರೆಯಲು ಚೀಟಿ ಮಾಡಿ ಕೊಟ್ಟೆ: "ಕಳೆದ ವರ್ಷ ಇದೇ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ." ಆಗೆಲ್ಲ ಸೀಮೆಸುಣ್ಣದ ಕೆಲಸ ನಿನ್ನದೇ ಅಲ್ವಾ, ಶಾಲೆಗೆ ಹೋಗುವ ಮೊದಲು ಸ್ಟೂಲು ಹತ್ತಿ ಬರೆಯುತ್ತಿದ್ದೆ. ಅವತ್ತು ತಾರೀಕು ಬರೆದೆ, 9 ಬರೆದೆ. ಸುಣ್ಣದ ತುಂಡು ಗಲ್ಲಾದ ಮೇಲಿಟ್ಟು ಬ್ಯಾಗ್ ತಗೊಂಡು ಹೋದೆ. ನಾನು ಬೆಳಗಿನ ಗಡಿಬಿಡಿಯಲ್ಲಿ ಉಳಿದ ಎರಡು 4 ಸೇರಿಸಿ ಮುಗಿಸಿದೆ. ಸಂಜೆ ಕೇಳಬೇಕು ಅಂದುಕೊಂಡವನು ಕೇಳಲಿಲ್ಲ. ಎಷ್ಟು ಮಿಲಿಮೀಟರ್ ಅಂತ ಯಾರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಿನ್ನ ಆ ರಾತ್ರಿಯ ಬಗ್ಗೆ ನನಗೆ ಗೊತ್ತಿರುವುದು ಒಂದು ಬಿಸ್ಕತ್ತು.

ಹಾಗಾಗಿ ಒಂದು ಕೆಲಸ ಮಾಡಿದ್ದೇನೆ. 2005ರ ಡೈರಿಯಲ್ಲಿ ಆ ಮೋಡದ ಪುಟದ ಎದುರಿಗೆ ಒಂದು ಒಳ್ಳೆಯ ಹಾಳೆ ಅಂಟಿಸಿದ್ದೇನೆ. ನಡುವೆ ಗೆರೆ ಎಳೆದಿದ್ದೇನೆ. ಮೇಲಿನ ಅರ್ಧ ತುಂಬಿಸಿಯಾಗಿದೆ, 944ರದ್ದು. ಕೆಳಗಿನ ಅರ್ಧ ನಿನ್ನದು. ಯಾರು ಪಕ್ಕದಲ್ಲಿ ಮಲಗಿದ್ದರು, ಕಿಟಕಿಯಿಂದ ಏನು ಕಾಣುತ್ತಿತ್ತು, ಕರೆಂಟ್ ಇತ್ತಾ, ನಮ್ಮ ಮೇಲೆ ಸಿಟ್ಟು ಬಂದಿತ್ತಾ, ನೆನಪಿದ್ದಷ್ಟು. ಜಾಗ ಸಾಲದಿದ್ದರೆ ಮೇಲಿನದ್ದನ್ನು ಹೊಡೆದುಹಾಕು.

ಅಣ್ಣನ ಮಗ ಶನಿವಾರ ಡೆಕ್ಕನ್ ಕ್ವೀನ್‌ನಲ್ಲಿ ಬರುತ್ತಾನೆ, ಡೈರಿಗಳು ಅವನ ಕೈಯಲ್ಲಿ. (ಆ ರೈಲಿಗೂ ಒಂದು ಪುಟ ಇದೆ, 1930ರ ಜೂನ್ 1.) ಶನಿವಾರ ಎಷ್ಟನೇ ತಾರೀಕು ಅಂತ ನೀನೇ ನೋಡಿಕೋ, ನಾನು ಬೇಕಂತ ಮಾಡಿದ್ದಲ್ಲ, ಅವನಿಗೆ ಸಿಕ್ಕಿದ ರಜೆಯೇ ಅವತ್ತು. ಗುರುವಾರ ಆಟಿ ಅಮಾವಾಸ್ಯೆ, ಊರಿಂದ ಹಾಲೆ ಮರದ ತೊಗಟೆ ಬಂದಿದೆ. ಕಷಾಯ ಅಲ್ಲಿಯವರೆಗೆ ಉಳಿಯುವುದಿಲ್ಲ, ಈ ವರ್ಷ ನೀನು ಬಚಾವು. ಪತ್ರೊಡೆ ಕಟ್ಟಿ ಕೊಡುತ್ತಾಳೆ ಅಮ್ಮ, ಬಂದ ಕೂಡಲೇ ಫ್ರಿಜ್ಜಿಗೆ ಹಾಕು.

ನಿನ್ನ
ಅಪ್ಪ