ಸೂಜಿಗೆ ದಾರ ಪೋಣಿಸಿದೆ, ನಿಮ್ಮೆಲ್ಲರಿಗೂ ಥ್ಯಾಂಕ್ಸ್

ಬಲಗೈ ಆಪರೇಷನ್ ಆಗಿ ನಿನ್ನೆಗೆ 6 ವಾರ. ಸಂಜೆ ಸೂಜಿಗೆ ದಾರ ಪೋಣಿಸಿ ಒಂದು ಬ್ಲೌಸಿಗೆ ಐದು ಹುಕ್ಕು ಹಾಕಿದೆ, ಒಂದೂ ಕೈಜಾರಿ ಬೀಳಲಿಲ್ಲ. 19 ವರ್ಷದಿಂದ ಹೊಲಿಯುವವಳಿಗೆ ಇದೇನು ಮಹಾ ಅನ್ನಬಹುದು. ಹೋದ ದಸರಾ ಹೊತ್ತಿಗೆ ಹುಕ್ಕು ಹಿಡಿದಿದ್ದೇನೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು.

ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಉರಿ, ಕೈ ಕೊಡವಿದರೆ ಸ್ವಲ್ಪ ಸಮಾಧಾನ. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ಮೊದಲು ತೋರಿಸಿದ ಕಡೆ ಕತ್ತಿನ ಮೂಳೆ ಸವೆದಿದೆ ಅಂದರು, ನಾಲ್ಕು ತಿಂಗಳು ಕಾಲರ್ ಹಾಕಿಕೊಂಡು ಮಷಿನ್ ತುಳಿದೆ. ಅದರ ಮೇಲೆ ನೆಂಟರದ್ದು ಬೇರೆ, "ಮೈ ಇಳಿಸು, ಎಲ್ಲ ಸರಿಹೋಗುತ್ತೆ." ಮೊಣಕಾಲಿಗೆ ಅಂದರೆ ಒಪ್ಪಬಹುದು, ಕೈಮೇಲೆ ನಡೀತೀನಾ ನಾನು?

ಹಾಗಾಗಿ ಮೊದಲ ಥ್ಯಾಂಕ್ಸ್ ನರದ ಡಾಕ್ಟರಮ್ಮನಿಗೆ. ಎರಡೂ ಮಣಿಕಟ್ಟು ಮಡಚಿ ಹಿಂಗೈಗೆ ಹಿಂಗೈ ಒತ್ತಿ ಒಂದು ನಿಮಿಷ ಹಿಡಿಯಲು ಹೇಳಿದರು, ಅರ್ಧ ನಿಮಿಷಕ್ಕೇ ಬೆರಳು ಜುಮ್ಮೆಂದವು. ಕಾರ್ಪಲ್ ಟನಲ್ ಸಿಂಡ್ರೋಮ್. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟು ದಾರಿ, ಅದರೊಳಗೆ ಬೆರಳು ಮಡಚುವ 9 ಹುರಿ, ಜೊತೆಗೆ ಒಂದು ನರ. ಲಂಗದ ಲಾಡಿ ಪಟ್ಟಿಯೊಳಗೆ ಹತ್ತು ಲಾಡಿ ತುರುಕಿದ ಹಾಗೆ. ಪಟ್ಟಿ ಹಿಗ್ಗುವುದಿಲ್ಲ, ನರ ನಜ್ಜುತ್ತದೆ.

ತೂಕದ ಮಾತನ್ನೂ ಅವರೇ ಎತ್ತಿದರು. ಎತ್ತರ 155 ಸೆಂಟಿಮೀಟರ್, ತೂಕ 84 ಕಿಲೋ, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 35. ನಮ್ಮ ದೇಶದವರಲ್ಲಿ ಅದು 25 ಮುಟ್ಟಿದರೇ ಬೊಜ್ಜಿನ ಲೆಕ್ಕ. ಬೊಜ್ಜಿರುವವರಲ್ಲಿ ಈ ತೊಂದರೆ ಸುಮಾರು ಎರಡು ಪಟ್ಟು ಜಾಸ್ತಿಯಂತೆ. ಆ ದಾರಿಯೊಳಗೆ ಕೊಬ್ಬು, ನೀರಿನಂಶ ಸೇರಿ ಒತ್ತಡ ಏರುತ್ತದೆ ಅನ್ನುವುದು ಒಂದು ವಿವರಣೆ. ಅಂದರೆ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಒಪ್ಪಿಕೊಳ್ಳೋಕೆ ಸಂಕಟವೇ ಆಯಿತು. ಆದರೆ ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಇದು ತೆಳ್ಳಗಿರುವವರಿಗೂ ಬರುತ್ತೆ, ಬಸುರಿಯರಿಗೂ ಬರುತ್ತೆ, ಶುಗರ್, ಥೈರಾಯ್ಡ್ ಇದ್ದರೂ ಬರುತ್ತೆ, ದಿನವಿಡೀ ಕತ್ತರಿ ಹಿಡಿಯೋದೂ ಸೇರುತ್ತೆ ಅಂತ ಹೇಳಿ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. "ತೂಕ ಇಳಿಸಿ, ಒಳ್ಳೇದೇ. ಇಳಿಯೋವರೆಗೂ ನರ ಕಾಯಲ್ಲ ಅಷ್ಟೇ." ಹೆಬ್ಬೆರಳ ಬುಡದ ಉಬ್ಬು ಆಗಲೇ ಚಪ್ಪಟೆಯಾಗಿತ್ತು. ರಾತ್ರಿ ಹೊತ್ತು ಪಟ್ಟಿ ಕಟ್ಟಿ ನೋಡಿದ್ದೂ ಸಾಲಲಿಲ್ಲ, ಕೈಗಷ್ಟೇ ಮರಗಟ್ಟಿಸಿ ಮಣಿಕಟ್ಟಿನೊಳಗೆ ಆ ಇಕ್ಕಟ್ಟು ದಾರಿಯ ಮೇಲಿದ್ದ ಬಿಗಿ ಪಟ್ಟಿ ಕತ್ತರಿಸಿದರು. ನಾನು ಎಚ್ಚರವಾಗೇ ಇದ್ದೆ.

ಎದುರು ಅಂಗಡಿ ಟೈಲರಣ್ಣ ನನ್ನ 23 ಬ್ಲೌಸ್ ಮುಗಿಸಿಕೊಟ್ಟರು, ನನ್ನ ಬಿಲ್ ಪುಸ್ತಕದಲ್ಲೇ ಬರೆದು. ಗಿರಾಕಿ ಕಿತ್ತುಕೊಳ್ಳುವ ಈ ಕಾಲದಲ್ಲಿ ಹೀಗೂ ಇದ್ದಾರೆ ನೋಡಿ. ನಮ್ಮ ಯಜಮಾನರು ಚಪಾತಿ ಹಿಟ್ಟು ಕಲಸೋಕೆ ಕಲಿತರು, ರುಚಿ ಬಗ್ಗೆ ಕೇಳಬೇಡಿ. ಮಗಳು ನನಗೇ ಜಡೆ ಹಾಕಿದಳು. ಇನ್ನು ನನ್ನ ನಾದಿನಿ, ದಿನಾ ಬೆಳಗ್ಗೆ ಐದೂವರೆಗೆ ಬಾಗಿಲು ತಟ್ಟಿ "ಅತ್ತಿಗೆ, ಬನ್ನಿ" ಅಂತ ವಾಕಿಂಗ್ ಕರೆದುಕೊಂಡು ಹೋಗುತ್ತಾಳೆ. ತೂಕ ಅನ್ನುವ ಪದ ಅವಳ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ. 6 ಕಿಲೋ ಇಳಿದಿದ್ದೇನೆ, ಅವಳಿಗೂ ಹೇಳಿಲ್ಲ ಇನ್ನೂ.

ಸೋಮವಾರದಿಂದ ಅಂಗಡಿ ತೆಗೆಯುತ್ತೇನೆ. ಸದ್ಯಕ್ಕೆ ಫಾಲ್, ಹುಕ್ಕು, ಆಲ್ಟ್ರೇಷನ್ ಅಷ್ಟೇ. ಲೈನಿಂಗ್ ಬ್ಲೌಸ್ ಮುಂದಿನ ತಿಂಗಳಿಂದ. ಅರ್ಜೆಂಟ್ ಅಂತ ಮಾತ್ರ ಅನ್ನಬೇಡಿ, ದಮ್ಮಯ್ಯ.