ಕನಸು ಮಾತ್ರ ಬೇಡ

ಪುಟ್ಟಿ,

ನಿನ್ನ ಕಿರುಚಿತ್ರ ಆಯ್ಕೆಯಾಗಲಿಲ್ಲ ಅಂತ ಅಮ್ಮ ಹೇಳಿದಳು. "ತಮಾಷೆಯಾಗಿದೆ, ಆದರೆ ಅರ್ಥವೇ ಇಲ್ಲ" ಅಂದರಂತೆ. ಅದಕ್ಕೆ ನೀನು, ನಡೆದದ್ದೆಲ್ಲ ಕನಸು ಅಂತ ಕೊನೆಯಲ್ಲಿ ತೋರಿಸಲು ಹೊರಟಿದ್ದೀಯ. ನಿನ್ನೆ ಫೋನಿನಲ್ಲಿ ನಾನು ರೇಗಿದ್ದು ಅದಕ್ಕೇ. ದನಿ ಜಾಸ್ತಿಯಾಯಿತು, ಬೇಜಾರು ಮಾಡಿಕೊಳ್ಳಬೇಡ. ಮಾತು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ಹಾಲಿವುಡ್‌ನ ಹಳೆಯ ಹಾಸ್ಯನಟರಾದ ಮಾರ್ಕ್ಸ್ ಸಹೋದರರ 'ಡಕ್ ಸೂಪ್' ಚಿತ್ರದ ಕಥೆ ನಿನಗೆ ಹೇಳಬೇಕಿಲ್ಲ. ರಾತ್ರಿಯಿಂದ ನನ್ನ ತಲೆಯಲ್ಲಿ ಕನ್ನಡಿ ದೃಶ್ಯವೇ ಸುತ್ತುತ್ತಿದೆ. ಕದಿಯಲು ಬಂದ ಹಾರ್ಪೊ, ಥೇಟ್ ತನ್ನ ಸಹೋದರ ಗ್ರೌಚೊ ವೇಷದಲ್ಲಿ, ದೊಡ್ಡ ಕನ್ನಡಿ ಒಡೆಯುತ್ತಾನೆ. ಗ್ರೌಚೊ ಬಂದಾಗ ತಾನೇ ಪ್ರತಿಬಿಂಬ ಅಂತ ನಿಂತುಬಿಡುತ್ತಾನೆ. ಮಾತಿಲ್ಲ, ಸಂಗೀತವೂ ಇಲ್ಲ. ಅನುಮಾನಪಟ್ಟ ಗ್ರೌಚೊ ಬಗ್ಗುತ್ತಾನೆ, ಕುಣಿಯುತ್ತಾನೆ. ಇಬ್ಬರೂ ಸುತ್ತು ಹಾಕಿ ಜಾಗವನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. ಅಲ್ಲಿಗೇ ಗುಟ್ಟು ರಟ್ಟಾಗಬೇಕಿತ್ತು, ಅಲ್ವಾ? ಆಗಲ್ಲ. ಆಮೇಲೆ ಹಾರ್ಪೊನ ಟೋಪಿ ಕೆಳಗೆ ಬೀಳುತ್ತದೆ. ಎತ್ತಿ ಕೊಡುವವನು ಗ್ರೌಚೊ! ಕಳ್ಳನನ್ನು ಹಿಡಿಯಬೇಕಾದವನೇ ಕಳ್ಳನಿಗೆ ಸಹಾಯ ಮಾಡುತ್ತಾನೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ನಿಜ ಗೊತ್ತಾಗುವುದಕ್ಕಿಂತ ಆಟ ನಿಲ್ಲದಿರುವುದೇ ಅವನಿಗೆ ಮುಖ್ಯ ಅಂತ ನನ್ನ ಲೆಕ್ಕ. ಕೊನೆಗೆ ಅದೇ ವೇಷದಲ್ಲಿ ಇನ್ನೊಬ್ಬ ಸಹೋದರ ಚಿಕೊ ಒಳಗೆ ಬಂದಾಗಲೇ ಆಟ ಮುಗಿಯುತ್ತದೆ. ಒಬ್ಬನಿಗೆ ಎರಡು ಪ್ರತಿಬಿಂಬ ಇರುವಂತಿಲ್ಲವಲ್ಲ! ಹುಚ್ಚಾಟಕ್ಕೂ ಅದರದೇ ಕಾನೂನಿದೆ. ಕನಸು ಅಂದುಬಿಟ್ಟರೆ ಆ ಕಾನೂನೇ ಬಿದ್ದುಹೋಗುತ್ತದೆ.

ನಿನ್ನ ಗುಮಾಸ್ತ ಫೈಲು ತೆರೆದಾಗ ಮಳೆ ಸುರಿಯುತ್ತದೆ. ಅವನು ಕೊಡೆ ಬಿಚ್ಚಿ ಸಹಿ ಹಾಕುತ್ತಾನೆ. ಎಂಥ ದೃಶ್ಯ ಮಾರಾಯ್ತಿ! ನನಗಂತೂ ಅಂಥದ್ದು ಹೊಳೆಯುತ್ತಿರಲಿಲ್ಲ. ದೂರು ಒಂದೇ: ಮಳೆ ನೋಡಿ ಅವನು ಬೆಚ್ಚುತ್ತಾನೆ. ಬೆಚ್ಚಬಾರದು. 1932ರ 'ಹಾರ್ಸ್ ಫೆದರ್ಸ್'ನಲ್ಲಿ ಒಬ್ಬ ಕಾಫಿಗೆ ಕಾಸು ಕೇಳಿದರೆ, ಹಾರ್ಪೊ ಬಟ್ಟೆಯೊಳಗಿಂದ ಹಬೆಯಾಡುವ ಕಾಫಿಯನ್ನೇ ತೆಗೆದು ಕೊಡುತ್ತಾನೆ. ಅವನಿಗೆ ಅದು ದಿನದ ಕೆಲಸ. ಬೆಚ್ಚುವುದು, ನಗುವುದು ನೋಡುವವರಿಗೆ ಬಿಟ್ಟದ್ದು. ಎಷ್ಟು ಸಲ ಹೇಳಿದ್ದೇನೆ... ಸರಿ, ಪಾಠ ಸಾಕು.

ಇಂಥ ಚಿತ್ರದಿಂದ ಹೊಟ್ಟೆ ತುಂಬೀತೇ ಅನ್ನುವ ಅಮ್ಮನ ಚಿಂತೆಯೂ ಸುಳ್ಳಲ್ಲ. 1933ರಲ್ಲಿ 'ಡಕ್ ಸೂಪ್' ಅವರ ಹಿಂದಿನ ಚಿತ್ರದಷ್ಟು ಓಡಲಿಲ್ಲ. ಆಮೇಲೆ ಎಂಜಿಎಂ ಸ್ಟುಡಿಯೊದ ನಿರ್ಮಾಪಕ ಇರ್ವಿಂಗ್ ಥಾಲ್‌ಬರ್ಗ್ ಪ್ರೇಮಕಥೆ, ಹಾಡು ಎಲ್ಲ ಸೇರಿಸಿ 1935ರಲ್ಲಿ 'ಎ ನೈಟ್ ಅಟ್ ದಿ ಒಪೆರಾ' ಮಾಡಿಸಿದ. ಅದು ಗೆದ್ದಿತು. ಆ ಪ್ರೇಮಿಗಳು ಬಂದಾಗೆಲ್ಲ ನಾನು ಎದ್ದು ಹೋಗುತ್ತೇನೆ, ನಿನಗೇ ಗೊತ್ತು. ಆದರೆ ಬಾಡಿಗೆ ಕಟ್ಟಬೇಕಾದವಳು ನೀನು. ಮುಂದಿನ ಚಿತ್ರಕ್ಕೆ ಬೇಕಾದರೆ ಪ್ರೇಮಿಗಳನ್ನು ಸೇರಿಸು, ನಾನು ಬಾಯಿ ಬಿಡುವುದಿಲ್ಲ.

ಬೆಚ್ಚುವ ಶಾಟ್ ಮತ್ತೆ ತೆಗೆಯಲು ದುಡ್ಡು ಬೇಕಿದ್ದರೆ ನನಗೆ ಹೇಳು. ಅಮ್ಮನಿಗೆ ಬೇಡ.

ನಿನ್ನ
ಅಪ್ಪ