ಚಿಕ್ಕಿ ಸಣ್ಣದಾಗಿದ್ದು, ‘ಸಕ್ಕರೆ ರಹಿತ’ ಪಟ್ಟಿ ಹೋಗಿದ್ದು ಯಾಕೆ?

ಆತ್ಮೀಯ ಗ್ರಾಹಕರೇ,

ಈ ತಿಂಗಳಿಂದ ನಮ್ಮ ಶೇಂಗಾ ಚಿಕ್ಕಿ 40 ಗ್ರಾಂ ಬದಲು 25 ಗ್ರಾಂ. ಬೆಲೆ 15 ರೂಪಾಯಿ ಇದ್ದದ್ದು 10. ಕವರಿನ ಮೇಲಿದ್ದ ‘ಸಕ್ಕರೆ ರಹಿತ’ ಎಂಬ ಹಸಿರು ಪಟ್ಟಿ ಇನ್ನಿರುವುದಿಲ್ಲ. ಶಾಲಾ ಕ್ಯಾಂಟೀನುಗಳಿಗೆ, ಶಾಲೆಯ ಗೇಟಿನಿಂದ 50 ಮೀಟರ್ ಒಳಗಿನ ಅಂಗಡಿಗಳಿಗೆ ಸರಬರಾಜು ನಿಲ್ಲಿಸಿದ್ದೇವೆ. ಸಕ್ಕರೆ, ಕೊಬ್ಬು, ಉಪ್ಪು ಹೆಚ್ಚಿರುವ ತಿನಿಸನ್ನು ಅಲ್ಲಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ನಿಯಮವೇ ಹೇಳುತ್ತದೆ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಶಾಲಾ ಮಕ್ಕಳಿಗೆ ಚಿಕ್ಕಿ ಕೊಡುವುದನ್ನು ನಿಲ್ಲಿಸಿದಾಗ ಕೊಟ್ಟ ಕಾರಣಗಳಲ್ಲಿ ಸಕ್ಕರೆಯೂ ಒಂದು.

ಎಲ್ಲರೂ ಕೇಳುತ್ತಿರುವುದು ಒಂದೇ: “ನೀವು ಹಾಕೋದು ಬೆಲ್ಲ ಅಲ್ವಾ? ಬೆಲ್ಲ ಹ್ಯಾಗೆ ಸಕ್ಕರೆ ಆಯ್ತು?” ಆಯಿತು. ಬೆಲ್ಲದಲ್ಲಿ ನೀರು, ಒಂದಿಷ್ಟು ಖನಿಜ ಬಿಟ್ಟರೆ 100 ಗ್ರಾಂಗೆ ಹೆಚ್ಚುಕಡಿಮೆ 90 ಗ್ರಾಂ ಸಕ್ಕರೆಯೇ. ಕಬ್ಬಿಣದಂಶ ಇರುವುದು ನಿಜ, ಅದರಿಂದ ಸಕ್ಕರೆಯ ಲೆಕ್ಕ ತಗ್ಗುವುದಿಲ್ಲ. ತಿನಿಸಿಗೆ ಬೆಲ್ಲ, ಜೇನು, ಗ್ಲೂಕೋಸ್ ಪಾಕ ಯಾವುದನ್ನು ಸೇರಿಸಿದರೂ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯಲು 2018ರ ಎಫ್‌ಎಸ್‌ಎಸ್‌ಎಐ ನಿಯಮ ಬಿಡುವುದಿಲ್ಲ. ‘ಸಕ್ಕರೆ ರಹಿತ’ ಎನ್ನಬೇಕಾದರೆ 100 ಗ್ರಾಂನಲ್ಲಿ ಅರ್ಧ ಗ್ರಾಂ ದಾಟಬಾರದು. ಖರ್ಜೂರದ ಪೇಸ್ಟ್ ಹಾಕಿ ಎಂದು ಕೆಲವರು ಸಲಹೆ ಕೊಟ್ಟರು. ಸಿಹಿಗೆಂದೇ ಅದನ್ನು ಹಾಕಿದರೂ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯುವಂತಿಲ್ಲ. ಬಿಳಿ ಸಕ್ಕರೆ ಹಾಕಿಲ್ಲ ಎಂಬರ್ಥದಲ್ಲಿ ನಾವು ಆ ಪಟ್ಟಿ ಅಚ್ಚು ಹಾಕಿಸಿದ್ದು ನಿಜ. ಆದರೆ ಅದನ್ನು ನಂಬಿ ಸಕ್ಕರೆ ಕಾಯಿಲೆಯವರಿಗೆ ಕೊಂಡೊಯ್ದವರೂ ಇದ್ದಾರೆ. ಅದು ನಮ್ಮದೇ ತಪ್ಪು, ಕ್ಷಮಿಸಿ.

ಹಳೆಯ ಹದದಲ್ಲಿ ಒಂದು ಕೆಜಿ ಶೇಂಗಾಕ್ಕೆ ಒಂದು ಕೆಜಿ ಬೆಲ್ಲ. ಅಂದರೆ 40 ಗ್ರಾಂ ಚಿಕ್ಕಿಯಲ್ಲಿ 18 ಗ್ರಾಂ ಸಕ್ಕರೆ. ಸೇರಿಸಿದ ಸಕ್ಕರೆಗೆ ಲೇಬಲ್ ನಿಯಮ ಒಬ್ಬರಿಗೆ ಇಟ್ಟುಕೊಂಡಿರುವ ದಿನದ ಲೆಕ್ಕ 50 ಗ್ರಾಂ. 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಗ ಕೆಜಿ ಶೇಂಗಾಕ್ಕೆ 650 ಗ್ರಾಂ ಬೆಲ್ಲ, 25 ಗ್ರಾಂ ಚಿಕ್ಕಿಯಲ್ಲಿ ಸುಮಾರು 9 ಗ್ರಾಂ ಸಕ್ಕರೆ.

ಬೆಲ್ಲ ಕಡಿಮೆ ಮಾಡುವುದು ಹೇಳಿದಷ್ಟು ಸುಲಭವಲ್ಲ. ಚಿಕ್ಕಿಯಲ್ಲಿ ಪಾಕವೇ ಅಂಟು. ಬರೀ ಸಿಹಿ ಕೊಡುವ ಸ್ಟೀವಿಯಾ (ಸಿಹಿ ಎಲೆಯ ಸಾರ) ಶೇಂಗಾ ಕಾಳನ್ನು ಹಿಡಿದು ನಿಲ್ಲಿಸುವುದಿಲ್ಲ. ಪಾಕ ಕಡಿಮೆಯಾದರೆ ಕಾಳುಗಳ ನಡುವೆ ಸಂದು ಉಳಿದು, ಕತ್ತರಿಸುವಾಗ ಚಿಕ್ಕಿ ಉದುರುತ್ತದೆ. ಅದಕ್ಕೆ ಮೂರರಲ್ಲೊಂದು ಪಾಲು ಶೇಂಗಾವನ್ನು ತರಿಯಾಗಿ ಕುಟ್ಟಿ ಸಂದು ತುಂಬುತ್ತೇವೆ. ಪಾಕವನ್ನು 145 ಡಿಗ್ರಿವರೆಗೆ ಏರಿಸುತ್ತೇವೆ. ತಣ್ಣೀರಿಗೆ ಬಿಟ್ಟ ಹನಿ ಗಾಜಿನಂತೆ ಲಟಕ್ಕೆಂದು ಮುರಿಯಬೇಕು, ಬಗ್ಗಿದರೆ ಹಲ್ಲಿಗೆ ಅಂಟುತ್ತದೆ. ಶೇಂಗಾ ಬಿಸಿಯಾಗಿರುವಾಗಲೇ ಸುರಿಯಬೇಕು. ತಣ್ಣಗಿನ ಕಾಳು ಬಿದ್ದರೆ ಪಾಕ ಅಲ್ಲೇ ಬಿಗಿದು, ಲಟ್ಟಿಸುವ ಮೊದಲೇ ಗಡ್ಡೆ ಕಟ್ಟುತ್ತದೆ.

ಇನ್ನು ದುಡ್ಡಿನ ಮಾತು. “ಸಣ್ಣದು ಮಾಡಿ ಲಾಭ ಹೊಡೀತಿದ್ದೀರಿ” ಎಂಬ ಮಾತು ನಮಗೆ ನೋವು ಕೊಟ್ಟಿದೆ. ಕೆಜಿ ಲೆಕ್ಕದಲ್ಲಿ 375 ರೂಪಾಯಿ ಇದ್ದದ್ದು 400 ಆಗಿದೆ, ಮುಚ್ಚಿಡುವುದಿಲ್ಲ. ಆ 25 ರೂಪಾಯಿ ಎಲ್ಲಿ ಹೋಯಿತು ನೋಡಿ. ಕೆಜಿ ಚಿಕ್ಕಿಗೆ 100 ಗ್ರಾಂಗಿಂತ ಹೆಚ್ಚು ಬೆಲ್ಲ ಹೋಗಿ, ಅಷ್ಟೇ ಶೇಂಗಾ ಬಂತು. ಶೇಂಗಾದ ದರ ಬೆಲ್ಲದ ಎರಡೂವರೆ ಪಟ್ಟಿಗೂ ಮೇಲೆ. ಅಲ್ಲಿಗೆ 10 ರೂಪಾಯಿ. ಕೆಜಿಗೆ 25 ಕವರ್ ಸಾಕಿತ್ತು, ಈಗ 40. ಒಂದಕ್ಕೆ 60 ಪೈಸೆಯಂತೆ 9 ರೂಪಾಯಿ. ಉಳಿದ 6 ರೂಪಾಯಿ ಮುರಿದ ಚೂರಿಗೆ ಹೋಗುತ್ತದೆ. ಹೊಸ ಕವರಿಗೆ ಪ್ರತಿ ಬಣ್ಣಕ್ಕೊಂದರಂತೆ ಪ್ರಿಂಟಿಂಗ್ ಸಿಲಿಂಡರ್ ಮಾಡಿಸಿದ್ದು, ಹಳೆಯ ಕವರ್ ರೋಲುಗಳನ್ನು ರದ್ದಿಗೆ ಹಾಕಿದ್ದು ಈ ಲೆಕ್ಕದಲ್ಲಿಲ್ಲ. ಅದು ನಮ್ಮ ತಪ್ಪಿನ ದಂಡ, ಸಂಘವೇ ಹೊತ್ತಿದೆ.

ಒಂದು ಎಚ್ಚರಿಕೆ. ಬೆಲ್ಲದ ಪದರ ಶೇಂಗಾಕ್ಕೆ ಗಾಳಿ ತಾಗದಂತೆ ಕಾಯುತ್ತಿತ್ತು. ಪದರ ತೆಳುವಾಗಿ, ಕಾಳನ್ನೂ ಕುಟ್ಟಿರುವುದರಿಂದ ಎಣ್ಣೆ ಬೇಗ ಕಮಟುತ್ತದೆ. ನಾಲ್ಕು ತಿಂಗಳಿದ್ದ ಬಾಳಿಕೆಯನ್ನು ಎರಡೂವರೆಗೆ ಇಳಿಸಿದ್ದೇವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಫ್ರಿಜ್‌ನಲ್ಲಿ ಬೇಡ, ಹೊರಗೆ ತೆಗೆದೊಡನೆ ನೀರು ಕೂತು ಜಿಗುಟಾಗುತ್ತದೆ.

ಮದುವೆ, ಸಂಕ್ರಾಂತಿ ಆರ್ಡರಿಗೆ ಹಳೆಯ ಹದದ 40 ಗ್ರಾಂ ಚಿಕ್ಕಿಯೇ ಬೇಕೆಂದರೆ ವಾರ ಮೊದಲು ತಿಳಿಸಿ, ಮಾಡಿಕೊಡುತ್ತೇವೆ. ಕವರಿನ ಮೇಲೆ ಮಾತ್ರ ‘ಸೇರಿಸಿದ ಸಕ್ಕರೆ 18 ಗ್ರಾಂ’ ಎಂದೇ ಇರುತ್ತದೆ.

ನಿಮ್ಮ,
ಕಾರ್ಯದರ್ಶಿ, ಚಿಕ್ಕಿ ಘಟಕದ ಎಲ್ಲರ ಪರವಾಗಿ